‘ಪತ್ತೆಯಾಗಿಲ್ಲ’ ಅಂದ್ರೆ ‘ಇಲ್ಲ’ ಅಂತಲಾ? ವಿಕಿರಣದ ಅಂಕಿಯನ್ನು ಓದುವುದು ಹೇಗೆ

2011ರ ಅಕ್ಟೋಬರ್ 12ರಂದು ಜಪಾನಿನ ಫುಕುಶಿಮಾ ಪ್ರಾಂತ್ಯದ ಗವರ್ನರ್ ಯುಹೇಯಿ ಸಾಟೊ ಒಂದು ಘೋಷಣೆ ಮಾಡಿದರು. ಆ ವರ್ಷದ ಅಕ್ಕಿ ಸುರಕ್ಷಿತ, ಮಾರಾಟ ಮಾಡಬಹುದು ಅಂತ. ಅಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಜನರೇ ಓಟು ಹಾಕಿ ಆರಿಸಿದ ಮುಖ್ಯಸ್ಥ. ಮಾರ್ಚ್‌ನಲ್ಲಿ ಭೂಕಂಪ, ಸುನಾಮಿ, ಅದರ ಬೆನ್ನಿಗೇ ಅಣುಸ್ಥಾವರದ ದುರಂತ ನಡೆದಿತ್ತು. ಅದಾದ ಮೇಲೆ ಬಂದ ಮೊದಲ ಸುಗ್ಗಿ ಅದು. ಪ್ರಾಂತ್ಯದ ಸಾವಿರಕ್ಕೂ ಹೆಚ್ಚು ಜಾಗಗಳಿಂದ ಅಕ್ಕಿ ತರಿಸಿ ಪರೀಕ್ಷೆ ಮಾಡಿಸಿದ್ದರು. ಆಗಿನ ಮಿತಿ ಒಂದು ಕೆಜಿಗೆ 500 ಬೆಕರೆಲ್. ಅಂತಿಮ ಪರೀಕ್ಷೆಯಲ್ಲಿ ಯಾವ ಸ್ಯಾಂಪಲ್ಲೂ ಅದನ್ನು ದಾಟಿರಲಿಲ್ಲ.

ಸುಮಾರು ಐದು ವಾರ ಕಳೆಯಿತು. ನವೆಂಬರ್ 16ರಂದು ಇನ್ನೊಂದು ಸುದ್ದಿ ಬಂತು. ಫುಕುಶಿಮಾ ನಗರದ ಓನಾಮಿ ಎಂಬ ಭಾಗದ ಒಬ್ಬ ರೈತನ ಅಕ್ಕಿಯಲ್ಲಿ ಕೆಜಿಗೆ 630 ಬೆಕರೆಲ್ ಸೀಸಿಯಂ ಸಿಕ್ಕಿತ್ತು. ಅದನ್ನು ಪತ್ತೆ ಹಚ್ಚಿದ್ದು ಸರ್ಕಾರದ ಸಮೀಕ್ಷೆಯಲ್ಲ. ರೈತನೇ ತನ್ನ ಅಕ್ಕಿಯನ್ನು ಸ್ಥಳೀಯ ಕೃಷಿ ಸಹಕಾರ ಸಂಘದಲ್ಲಿ ಪರೀಕ್ಷೆಗೆ ಕೊಟ್ಟಿದ್ದ. ಓನಾಮಿಯ ಅಕ್ಕಿ ಮಾರಾಟ ನಿಂತುಹೋಯಿತು. ‘ಸುರಕ್ಷಿತ’ ಅನ್ನೋ ಪದದ ಬೆಲೆಯೂ ಬಿದ್ದುಹೋಯಿತು.

ಹಾಗಾದ್ರೆ ಮೊದಲು ಅಳೆದವರು ಸುಳ್ಳು ಹೇಳಿದ್ರಾ? ಯಂತ್ರ ಕೆಟ್ಟಿತ್ತಾ? ಎರಡೂ ಅಲ್ಲ. ಅಳೆದ ಅಂಕಿಗಳು ಸರಿಯಾಗೇ ಇದ್ದವು. ಆ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳೋದಿಲ್ಲ ಅನ್ನೋದನ್ನು ಜನರ ಮುಂದೆ ಇಡಲಿಲ್ಲ ಅಷ್ಟೇ. ವಿಜ್ಞಾನದಲ್ಲಿ ಇದಕ್ಕೆ ‘ಮಾಪನದ ಅನಿಶ್ಚಿತತೆ’ ಅಂತಾರೆ. ಕೇಳೋಕೆ ಲ್ಯಾಬಿನ ವಿಷಯ ಅನ್ನಿಸುತ್ತೆ. ನಿಜಕ್ಕೂ ಇದು ಯಾರ ತಟ್ಟೆಗೆ ಏನು ಬೀಳುತ್ತೆ, ಯಾರ ಬೆಳೆ ಮಾರಾಟ ಆಗುತ್ತೆ ಅನ್ನೋದನ್ನು ತೀರ್ಮಾನಿಸುವ ವಿಷಯ.

ಯಂತ್ರ ಮಾಡೋದು ಎಣಿಕೆ ಮಾತ್ರ

ಸೀಸಿಯಂ-137ರ ಪರಮಾಣು ಒಡೆದಾಗ ಹೆಚ್ಚಿನ ಸಲ ಒಂದು ಗಾಮಾ ಕಿರಣ ಹೊರಬರುತ್ತೆ. ಅದರ ಶಕ್ತಿ ಯಾವಾಗಲೂ ಒಂದೇ: 662 ಕಿಲೋ ಎಲೆಕ್ಟ್ರಾನ್ ವೋಲ್ಟ್. ಸೀಸಿಯಂ-134ಕ್ಕೆ ಬೇರೆ ಶಕ್ತಿ, ಪೊಟ್ಯಾಸಿಯಂ-40ಕ್ಕೆ ಮತ್ತೊಂದು. ಒಂದು ರೀತಿಯಲ್ಲಿ ಇದು ಬೆರಳಚ್ಚು. ಗಾಮಾ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರ ಒಳಗೆ ಬಂದ ಪ್ರತಿ ಕಿರಣದ ಶಕ್ತಿಯನ್ನು ನೋಡಿ ಅದನ್ನು ಆಯಾ ಡಬ್ಬಿಗೆ ಹಾಕಿ ಎಣಿಸುತ್ತೆ. 662ರ ಡಬ್ಬಿ ತುಂಬಿದಷ್ಟೂ ಸೀಸಿಯಂ-137 ಜಾಸ್ತಿ ಅಂತ ಲೆಕ್ಕ. ಬೆಕರೆಲ್ ಅಂದ್ರೆ ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆಯೋದು.

ಇಲ್ಲೇ ಮೊದಲ ತೊಡಕು ಇರೋದು. ಯಾವ ಪರಮಾಣು ಯಾವ ಕ್ಷಣ ಒಡೆಯುತ್ತೆ ಅಂತ ಯಾರೂ ಹೇಳೋಕಾಗಲ್ಲ. ಒಂದೇ ಮಳೆಗೆ ಅಂಗಳದಲ್ಲಿ ತಟ್ಟೆ ಇಟ್ಟು ಒಂದೊಂದು ನಿಮಿಷಕ್ಕೆ ಬಿದ್ದ ಹನಿ ಎಣಿಸಿ ನೋಡಿ. ಒಮ್ಮೆ 96 ಬರುತ್ತೆ, ಇನ್ನೊಮ್ಮೆ 108, ಮತ್ತೊಮ್ಮೆ 101. ಮಳೆ ಬದಲಾಗಿಲ್ಲ, ಎಣಿಕೆ ಮಾತ್ರ ಏರಿಳಿಯುತ್ತೆ. ಈ ಏರಿಳಿತಕ್ಕೂ ಒಂದು ನಿಯಮ ಇದೆ. ಎಣಿಕೆಯ ವರ್ಗಮೂಲದಷ್ಟು ಆಚೀಚೆ ಆಗೋದು ಸಹಜ. 100 ಎಣಿಸಿದರೆ ಸುಮಾರು 10 ಹೆಚ್ಚುಕಡಿಮೆ, ಅಂದ್ರೆ ಶೇ. 10. 10,000 ಎಣಿಸಿದರೆ 100 ಹೆಚ್ಚುಕಡಿಮೆ, ಅಂದ್ರೆ ಶೇ. 1.

ಚುನಾವಣಾ ಸಮೀಕ್ಷೆ ಓದಿದವರಿಗೆ ಇದು ಗೊತ್ತಿರುವ ಲೆಕ್ಕವೇ. ಸಾವಿರ ಜನರನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲಿ ಸುಮಾರು ಶೇ. 3 ಆಚೀಚೆ ಇರುತ್ತೆ. ಅದನ್ನು ಅರ್ಧಕ್ಕೆ ಇಳಿಸಬೇಕಾದರೆ ಎರಡು ಸಾವಿರ ಜನ ಸಾಲದು, ನಾಲ್ಕು ಸಾವಿರ ಬೇಕು. ವಿಕಿರಣದಲ್ಲೂ ಹಾಗೇ. ಅನಿಶ್ಚಿತತೆಯನ್ನು ಅರ್ಧ ಮಾಡಬೇಕಾದರೆ ನಾಲ್ಕು ಪಟ್ಟು ಹೊತ್ತು ಎಣಿಸಬೇಕು. ಹೊತ್ತು ಅಂದ್ರೆ ದುಡ್ಡು. ಹೀಗಾಗಿ ಅಂಕಿ ಎಷ್ಟು ನಿಖರವಾಗಿರಬೇಕು ಅನ್ನೋದು ಶುರುವಿನಲ್ಲೇ ಬಜೆಟ್ಟಿನ ಪ್ರಶ್ನೆ ಆಗಿಬಿಡುತ್ತೆ.

ಖಾಲಿ ಪಾತ್ರೆಯೂ ಸುಮ್ಮನಿರಲ್ಲ

ಎರಡನೇ ತೊಡಕು ಹಿನ್ನೆಲೆ ವಿಕಿರಣ. ಮಣ್ಣಿನಲ್ಲಿ, ಗೋಡೆಯ ಕಲ್ಲಿನಲ್ಲಿ, ಗಾಳಿಯ ರೇಡಾನ್‌ನಲ್ಲಿ, ನಮ್ಮ ಮೈಯೊಳಗಿನ ಪೊಟ್ಯಾಸಿಯಂನಲ್ಲಿ ವಿಕಿರಣ ಇದ್ದೇ ಇದೆ. ಆಕಾಶದಿಂದಲೂ ಬರುತ್ತೆ. ಅದಕ್ಕೇ ಡಿಟೆಕ್ಟರ್ ಸುತ್ತ ಸೀಸದ ದಪ್ಪ ಗೋಡೆ ಕಟ್ಟಿರುತ್ತಾರೆ. ಆದರೂ ಒಂದಿಷ್ಟು ನುಸುಳುತ್ತೆ. ಹಾಗಾಗಿ ಮೊದಲು ಖಾಲಿ ಪಾತ್ರೆ ಇಟ್ಟು ಎಣಿಸಬೇಕು, ಆಮೇಲೆ ಅಕ್ಕಿ ತುಂಬಿಸಿ ಎಣಿಸಬೇಕು, ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಮ್ಮ ಯಂತ್ರದಲ್ಲಿ ಕೆಜಿಗೆ 1 ಬೆಕರೆಲ್ ಇದ್ದರೆ ಅರ್ಧ ಗಂಟೆಯಲ್ಲಿ 30 ಎಣಿಕೆ ಬರುತ್ತೆ ಅಂದ್ಕೊಳ್ಳಿ. ಖಾಲಿ ಪಾತ್ರೆಗೆ ಅರ್ಧ ಗಂಟೆಯಲ್ಲಿ 2,500 ಎಣಿಕೆ ಬಂತು. ಅಕ್ಕಿ ಇಟ್ಟಾಗ 2,600 ಬಂತು. ಕಳೆದರೆ ಉಳಿಯೋದು 100. ಆದರೆ ಎರಡೂ ಎಣಿಕೆಗಳಿಗೆ ಅವುಗಳದೇ ಏರಿಳಿತ ಇದೆ. ಎರಡನ್ನೂ ಸೇರಿಸಿದರೆ 5,100ರ ವರ್ಗಮೂಲ, ಅಂದ್ರೆ ಸುಮಾರು 71. ಉಳಿದ 100ಕ್ಕೆ 71 ಹೆಚ್ಚುಕಡಿಮೆ! ಇದನ್ನು ಇಟ್ಟುಕೊಂಡು ಸೀಸಿಯಂ ಇದೆ ಅಂತ ಹೇಳೋಕಾಗುತ್ತಾ?

ಈ ಪ್ರಶ್ನೆಗೆ 1968ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಲಾಯ್ಡ್ ಕ್ಯೂರಿ ಎಂಬ ರಸಾಯನ ವಿಜ್ಞಾನಿ ಒಂದು ಶಿಸ್ತಿನ ಉತ್ತರ ಕೊಟ್ಟರು. ಅವರು ಎರಡು ಗೆರೆ ಎಳೆದರು. ಮೊದಲನೆಯದು ನಿರ್ಧಾರದ ಗೆರೆ: ನಿಜಕ್ಕೂ ಏನೂ ಇಲ್ಲದಿದ್ದಾಗ ‘ಇದೆ’ ಅಂತ ತಪ್ಪಾಗಿ ಹೇಳುವ ಸಂಭವ ನೂರಕ್ಕೆ ಐದನ್ನು ದಾಟಬಾರದು. ಎರಡನೆಯದು ಪತ್ತೆ ಮಿತಿ: ನಿಜಕ್ಕೂ ಇಷ್ಟು ಇದ್ದರೆ ನೂರಕ್ಕೆ ತೊಂಬತ್ತೈದು ಸಲ ಯಂತ್ರ ಹಿಡಿದೇ ಹಿಡಿಯುತ್ತೆ. ನಮ್ಮ ಉದಾಹರಣೆಯಲ್ಲಿ ನಿರ್ಧಾರದ ಗೆರೆ ಸುಮಾರು 117 ಎಣಿಕೆ, ಪತ್ತೆ ಮಿತಿ ಸುಮಾರು 235. ನಮಗೆ ಸಿಕ್ಕಿದ್ದು 100. ವರದಿಯಲ್ಲಿ ಬರೋದು: ‘ಪತ್ತೆಯಾಗಿಲ್ಲ’.

ಈಗ ಅದೇ ಅಕ್ಕಿಯನ್ನು, ಅದೇ ಯಂತ್ರದಲ್ಲಿ ಅರ್ಧ ಗಂಟೆಯ ಬದಲು ಎಂಟು ಗಂಟೆ ಇಡಿ. ಎಲ್ಲ ಹದಿನಾರು ಪಟ್ಟು ಆಗುತ್ತೆ. ಖಾಲಿ ಪಾತ್ರೆಗೆ 40,000, ಅಕ್ಕಿಗೆ 41,600, ಉಳಿಯೋದು 1,600. ಏರಿಳಿತ ಮಾತ್ರ ಹದಿನಾರು ಪಟ್ಟು ಆಗಲ್ಲ, ನಾಲ್ಕೇ ಪಟ್ಟು: ಸುಮಾರು 286. ನಿರ್ಧಾರದ ಗೆರೆ ಸುಮಾರು 466. 1,600 ಅದನ್ನು ಎಲ್ಲೋ ದಾಟಿದೆ. ಈಗ ವರದಿ ಹೇಳೋದು: ಸೀಸಿಯಂ ಇದೆ, ಕೆಜಿಗೆ ಸುಮಾರು 3.3 ಬೆಕರೆಲ್, 0.6 ಹೆಚ್ಚುಕಡಿಮೆ.

ಅಕ್ಕಿ ಅದೇ, ಯಂತ್ರ ಅದೇ. ಬೆಳಿಗ್ಗೆ ‘ಪತ್ತೆಯಾಗಿಲ್ಲ’, ಸಂಜೆ ‘ಇದೆ’. ಎರಡೂ ವರದಿ ಪ್ರಾಮಾಣಿಕವೇ. ಮೊದಲನೆಯದನ್ನು ಪೂರ್ತಿ ಬರೆದಿದ್ದರೆ ಹೀಗಿರುತ್ತಿತ್ತು: ‘ಪತ್ತೆಯಾಗಿಲ್ಲ, ಪತ್ತೆ ಮಿತಿ ಕೆಜಿಗೆ 8 ಬೆಕರೆಲ್’. ಆ ಕೊನೆಯ ತುಂಡನ್ನು ಕತ್ತರಿಸಿ ‘ಪತ್ತೆಯಾಗಿಲ್ಲ’ ಅಂತಷ್ಟೇ ಪ್ರೆಸ್‌ನೋಟಿಗೆ ಹಾಕಿದಾಗ ಅದು ‘ಸೊನ್ನೆ’ ಆಗಿಬಿಡುತ್ತೆ. ಪತ್ತೆ ಮಿತಿ 2 ಇರುವ ಲ್ಯಾಬಿನ ‘ಪತ್ತೆಯಾಗಿಲ್ಲ’ಕ್ಕೂ 25 ಇರುವ ಲ್ಯಾಬಿನ ‘ಪತ್ತೆಯಾಗಿಲ್ಲ’ಕ್ಕೂ ಹೋಲಿಕೆಯೇ ಇಲ್ಲ. ಹೆಡ್‌ಲೈನಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇಲ್ಲಿ ಇನ್ನೊಂದು ಮಾತೂ ಹೇಳಬೇಕು. 3.3 ಬೆಕರೆಲ್ ಪತ್ತೆಯಾಯಿತು ಅಂದ ಮಾತ್ರಕ್ಕೆ ಅದು ಅಪಾಯ ಅಂತಲೂ ಅಲ್ಲ. ‘ಇದೆಯಾ’ ಅನ್ನೋದು ಒಂದು ಪ್ರಶ್ನೆ, ‘ಎಷ್ಟಿದ್ದರೆ ತಿನ್ನಬಹುದು’ ಅನ್ನೋದು ಇನ್ನೊಂದು. ಎರಡನ್ನೂ ಕಲಸಿದರೆ ಚರ್ಚೆ ದಾರಿ ತಪ್ಪುತ್ತೆ.

ಎಣಿಕೆಯಾಚೆಗೂ ಅನುಮಾನಗಳಿವೆ

ಎಷ್ಟೇ ಹೊತ್ತು ಎಣಿಸಿದರೂ ಹೋಗದ ಅನಿಶ್ಚಿತತೆಗಳಿವೆ. ಬಂದ ಕಿರಣಗಳಲ್ಲಿ ಯಂತ್ರ ಎಷ್ಟನ್ನು ಹಿಡಿಯುತ್ತೆ ಅನ್ನೋದನ್ನು ಮೊದಲೇ ಗೊತ್ತಿರುವ ಒಂದು ವಿಕಿರಣ ಮೂಲ ಇಟ್ಟು ಹೊಂದಿಸಬೇಕು. ಆ ಮೂಲದ ಅಂಕಿಗೇ ಸ್ವಲ್ಪ ಹೆಚ್ಚುಕಡಿಮೆ ಇರುತ್ತೆ. ಅಕ್ಕಿ, ಒಣ ಅಣಬೆ, ಒದ್ದೆ ಮಣ್ಣು ಇವುಗಳ ಸಾಂದ್ರತೆ ಬೇರೆಬೇರೆ. ದಟ್ಟ ವಸ್ತು ತನ್ನ ಕಿರಣವನ್ನು ತಾನೇ ಹೆಚ್ಚು ನುಂಗುತ್ತೆ. ಪಾತ್ರೆಯನ್ನು ಎಷ್ಟು ಎತ್ತರಕ್ಕೆ ತುಂಬಿದ್ದೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಅಣಬೆಯನ್ನು ಒಣಗಿಸಿ ಅಳೆದರೆ ಕೆಜಿ ಲೆಕ್ಕದಲ್ಲಿ ಅಂಕಿ ಹಲವು ಪಟ್ಟು ಏರುತ್ತೆ, ಯಾಕಂದ್ರೆ ಹೋಗಿದ್ದು ನೀರು ಮಾತ್ರ.

ಡಿಟೆಕ್ಟರ್ ಯಾವುದು ಅನ್ನೋದಂತೂ ದೊಡ್ಡ ವಿಷಯ. ಸೋಡಿಯಂ ಅಯೊಡೈಡ್ ಹರಳಿನ ಯಂತ್ರ ಅಗ್ಗ, ನೋಡಿಕೊಳ್ಳೋದೂ ಸುಲಭ. ಜರ್ಮೇನಿಯಂ ಯಂತ್ರ ದುಬಾರಿ, ಅದನ್ನು ದ್ರವ ಸಾರಜನಕದಿಂದಲೋ ವಿದ್ಯುತ್ತಿನಿಂದಲೋ ಸದಾ ತೀರಾ ತಣ್ಣಗಿಡಬೇಕು. ಆದರೆ ಅದರ ಕಣ್ಣು ತುಂಬಾ ಚುರುಕು. ಸೀಸಿಯಂ-134ರ ಒಂದು ಕಿರಣದ ಶಕ್ತಿ 605. ಮಣ್ಣಿನಲ್ಲಿ ಸಹಜವಾಗೇ ಇರುವ ಬಿಸ್ಮತ್-214ರದು 609. ಜರ್ಮೇನಿಯಂ ಈ ಎರಡನ್ನೂ ಬೇರೆಬೇರೆಯಾಗಿ ನೋಡುತ್ತೆ. ಸೋಡಿಯಂ ಅಯೊಡೈಡಿಗೆ ಎರಡೂ ಒಂದೇ ಗುಡ್ಡೆಯಾಗಿ ಕಾಣುತ್ತವೆ. ಹಾಗಾಗಿ ಇಲ್ಲದ ಸೀಸಿಯಂ ‘ಇದೆ’ ಅಂತ ಬರೋ ಸಾಧ್ಯತೆಯೂ ಇದೆ. ತಪ್ಪು ಯಾವಾಗಲೂ ಸರ್ಕಾರದ ಕಡೆಗೇ ವಾಲಬೇಕು ಅಂತೇನಿಲ್ಲ.

ಅನುಮಾನದ ಲಾಭ ಯಾರಿಗೆ?

2012ರ ಏಪ್ರಿಲ್ 1ರಿಂದ ಜಪಾನ್ ಮಿತಿಗಳನ್ನು ಬಿಗಿ ಮಾಡಿತು. ಸಾಮಾನ್ಯ ಆಹಾರಕ್ಕೆ ಕೆಜಿಗೆ 100 ಬೆಕರೆಲ್, ಹಾಲು ಮತ್ತು ಶಿಶು ಆಹಾರಕ್ಕೆ 50, ಕುಡಿಯುವ ನೀರಿಗೆ 10. ಈಗ ಒಂದು ಲ್ಯಾಬಿನಲ್ಲಿ 92 ಬಂತು, 12 ಹೆಚ್ಚುಕಡಿಮೆ ಅಂದ್ಕೊಳ್ಳಿ. ನಿಜವಾದ ಬೆಲೆ 80 ಇರಬಹುದು, 104 ಕೂಡ ಇರಬಹುದು. ಮಾರಬಹುದಾ, ಬೇಡವಾ?

ಭೌತಶಾಸ್ತ್ರ ಈ ಪ್ರಶ್ನೆಗೆ ಉತ್ತರ ಕೊಡಲ್ಲ. ಅದು 80ರಿಂದ 104 ಅಂತ ಹೇಳಿ ಸುಮ್ಮನಾಗುತ್ತೆ. ಮಾರಬಹುದು ಅಂದ್ರೆ ಅನುಮಾನದ ಲಾಭ ಬೆಳೆದವನಿಗೆ, ಬೇಡ ಅಂದ್ರೆ ತಿನ್ನುವವನಿಗೆ. ಇದು ಅಪ್ಪಟ ರಾಜಕೀಯ ತೀರ್ಮಾನ. ಆ ತೀರ್ಮಾನವನ್ನು ಲ್ಯಾಬಿನ ಟೆಕ್ನಿಷಿಯನ್ ತಲೆಗೆ ಕಟ್ಟಬಾರದು. ನಿಯಮದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಬರೆದಿರಬೇಕು.

ಜಪಾನ್ ಅಗ್ಗದ ಯಂತ್ರಗಳ ವಿಷಯದಲ್ಲಿ ಇದನ್ನು ಮಾಡಿತು. ಶೋಧ ಪರೀಕ್ಷೆಗೆ ಬಳಸುವ ಯಂತ್ರದ ಪತ್ತೆ ಮಿತಿ 25 ಬೆಕರೆಲ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಯಂತ್ರ ಎಷ್ಟು ಅನಿಶ್ಚಿತವೋ ಅದಕ್ಕೆ ತಕ್ಕಂತೆ ಪಾಸು ಮಾಡುವ ಗೆರೆಯನ್ನು 100ಕ್ಕಿಂತ ಕೆಳಗೆ ಇಡಬೇಕು, ಆದರೆ ಆ ಗೆರೆ 50ಕ್ಕಿಂತ ಕೆಳಗೆ ಇಡಬೇಕಾಗುವಷ್ಟು ಯಂತ್ರ ಒರಟಾಗಿರಬಾರದು. ಗೆರೆಯ ಕೆಳಗಿದ್ದರೆ ಪಾಸು. ಮೇಲಿದ್ದರೆ ಜರ್ಮೇನಿಯಂ ಯಂತ್ರದಲ್ಲಿ ಇನ್ನೊಮ್ಮೆ ಅಳೆದು ಖಚಿತ ಮಾಡಬೇಕು. ಯಂತ್ರದ ಅನುಮಾನವನ್ನು ತಿನ್ನುವವರ ಮೇಲೆ ಹೇರದೆ ಯಂತ್ರವೇ ಹೊರಬೇಕು ಅನ್ನೋ ತತ್ವ ಇದರಲ್ಲಿದೆ. ಅನಿಶ್ಚಿತತೆಯನ್ನು ಒಪ್ಪಿಕೊಂಡರೆ ಆಡಳಿತವೇ ನಿಂತುಹೋಗುತ್ತೆ ಅನ್ನುವವರು ಈ ನಿಯಮವನ್ನು ಒಮ್ಮೆ ನೋಡಬೇಕು.

ಓನಾಮಿಯಲ್ಲಿ ತಪ್ಪಿದ್ದೆಲ್ಲಿ?

ಇಷ್ಟು ಹೊತ್ತು ಹೇಳಿದ್ದು ಪಾತ್ರೆಯೊಳಗಿನ ಅಕ್ಕಿಯ ಕತೆ. ಓನಾಮಿಯ ಸಮಸ್ಯೆ ಪಾತ್ರೆಯ ಹೊರಗಿತ್ತು. ಯಾವ ಗದ್ದೆಯ ಅಕ್ಕಿಯನ್ನು ಪಾತ್ರೆಗೆ ಹಾಕಿದಿರಿ ಅನ್ನೋ ಪ್ರಶ್ನೆ ಅದು.

ಸೀಸಿಯಂ ಎಲ್ಲ ಕಡೆ ಸಮನಾಗಿ ಬಿದ್ದಿರಲಿಲ್ಲ. ಗಾಳಿ ಎತ್ತ ಬೀಸಿತು, ಮಳೆ ಎಲ್ಲಿ ಸುರಿಯಿತು ಅನ್ನೋದರ ಮೇಲೆ ಒಂದು ಕಣಿವೆಗೂ ಪಕ್ಕದ್ದಕ್ಕೂ ವ್ಯತ್ಯಾಸ ಇತ್ತು. ಮಣ್ಣಿನಲ್ಲಿ ಪೊಟ್ಯಾಸಿಯಂ ಕಡಿಮೆ ಇದ್ದ ಗದ್ದೆಗಳಲ್ಲಿ ಭತ್ತದ ಬೇರು ಅದರ ಬದಲು ಸೀಸಿಯಂ ಹೀರಿಕೊಳ್ಳೋದು ಜಾಸ್ತಿ. ರಾಸಾಯನಿಕವಾಗಿ ಎರಡೂ ಅಣ್ಣತಮ್ಮಂದಿರು. ಇಂಥ ಕಡೆ ಒಂದು ಊರಿಗೆ ಒಂದೆರಡು ಗದ್ದೆಯ ಅಕ್ಕಿ ತಂದು ಇಡೀ ಊರಿನ ಬಗ್ಗೆ ಮಾತಾಡೋದು, ಬರೀ ಒಂದು ಬಡಾವಣೆಯಲ್ಲಿ ಕೇಳಿ ಇಡೀ ಕ್ಷೇತ್ರದ ಫಲಿತಾಂಶ ಹೇಳಿದ ಹಾಗೆ. ಯಂತ್ರದ ಹೆಚ್ಚುಕಡಿಮೆ ವರದಿಯ ಮೇಲೆ ಅಚ್ಚಾಗಿ ಬರುತ್ತೆ. ಸ್ಯಾಂಪಲ್ಲಿನ ಹೆಚ್ಚುಕಡಿಮೆ ಬರಲ್ಲ. ಎಷ್ಟೋ ಸಲ ದೊಡ್ಡದು ಅದೇ.

ಫುಕುಶಿಮಾ ಪಾಠ ಕಲಿಯಿತು. 2012ರ ಸುಗ್ಗಿಯಿಂದ ಪ್ರಾಂತ್ಯದಲ್ಲಿ ಬೆಳೆದ ಅಕ್ಕಿಯ ಪ್ರತಿ ಚೀಲವನ್ನೂ ಅಳೆಯೋಕೆ ಶುರು ಮಾಡಿದರು. 30 ಕೆಜಿ ಚೀಲ ಕನ್ವೇಯರ್ ಬೆಲ್ಟ್ ಮೇಲೆ ಹೋಗುತ್ತಿತ್ತು, ಕೆಲವೇ ಸೆಕೆಂಡಿನಲ್ಲಿ ಯಂತ್ರ ಪಾಸೋ ಅಲ್ಲವೋ ಹೇಳುತ್ತಿತ್ತು. ಅನುಮಾನ ಬಂದದ್ದು ಜರ್ಮೇನಿಯಂ ಯಂತ್ರಕ್ಕೆ. ಆ ವರ್ಷ ಸುಮಾರು ಒಂದು ಕೋಟಿ ಚೀಲಗಳಲ್ಲಿ 71 ಮಿತಿ ದಾಟಿದವು. ಮುಂದಿನ ವರ್ಷ 28, ಅದರ ಮುಂದಿನ ವರ್ಷ 2. 2015ರ ಬೆಳೆಯಿಂದ ಒಂದೂ ಇಲ್ಲ. ಗದ್ದೆಗಳಿಗೆ ಪೊಟ್ಯಾಸಿಯಂ ಗೊಬ್ಬರ ಹಾಕಿದ್ದೂ ಇದಕ್ಕೆ ಒಂದು ಕಾರಣ.

ಇದರ ಜೊತೆಗೆ ಜನ ತಾವೇ ಅಳೆಯೋಕೆ ಇಳಿದರು. ಇವಾಕಿ ನಗರದಲ್ಲಿ ‘ತರಾಚಿನೆ’ ಎಂಬ ನಾಗರಿಕರ ಲ್ಯಾಬ್ 2011ರ ನವೆಂಬರ್‌ನಲ್ಲೇ ಶುರುವಾಯಿತು. ಬೇರೆ ಕಡೆಯೂ ಇಂಥ ಲ್ಯಾಬುಗಳು ಹುಟ್ಟಿದವು. ಅಧಿಕಾರದ ಮಾತನ್ನು ನಂಬದೇ ಇರೋದಷ್ಟೇ ಸಾಲದು, ನಂಬಬಹುದಾದ ಅಂಕಿಯನ್ನು ತಾವೂ ಮುಂದಿಡಬೇಕು ಅಂತ ಹೊರಟವರು ಅವರು.

ಎರಡೂ ಕಡೆಯವರ ಆಟ

ಹೆಚ್ಚುಕಡಿಮೆಯನ್ನು ದುರ್ಬಳಕೆ ಮಾಡಿಕೊಳ್ಳೋದು ಸುಲಭ. ಕಂಪನಿಯವರು ಹೇಳ್ತಾರೆ: “ಅಂಕಿಯಲ್ಲೇ ಅನಿಶ್ಚಿತತೆ ಇದೆ, ಹಾಗಾಗಿ ಏನೂ ಸಾಬೀತಾಗಿಲ್ಲ.” ವಿರೋಧಿಸುವವರಲ್ಲಿ ಕೆಲವರು ಮೇಲಿನ ತುದಿಯ ಅಂಕಿ ಮಾತ್ರ ಎತ್ತಿಕೊಂಡು ಪೋಸ್ಟರ್ ಮಾಡ್ತಾರೆ. ಎರಡೂ ಒಂದೇ ಚಾಳಿ.

ಅನಿಶ್ಚಿತತೆ ಅಂದ್ರೆ ‘ಗೊತ್ತಿಲ್ಲ’ ಅಂತಲ್ಲ. ‘ಎಷ್ಟರ ಮಟ್ಟಿಗೆ ಗೊತ್ತು’ ಅಂತ. 630ಕ್ಕೆ 60 ಹೆಚ್ಚುಕಡಿಮೆ ಇದ್ದರೂ ಅದು 500ರ ಮೇಲೇ ಇರುತ್ತೆ. ಆಗ ಅನಿಶ್ಚಿತತೆಯ ಹೆಸರು ಹೇಳಿ ಜಾರಿಕೊಳ್ಳೋಕಾಗಲ್ಲ. ಹೆಚ್ಚುಕಡಿಮೆ ಬರೆದಿರುವ ಅಂಕಿ ದುರ್ಬಲವಾದದ್ದು ಅಂತ ನಮಗೆ ಅನ್ನಿಸೋದೇ ಸಮಸ್ಯೆ. ಹೆಚ್ಚುಕಡಿಮೆ ಬರೆಯದ ಅಂಕಿಯನ್ನು ಯಾರೂ ಪರೀಕ್ಷೆ ಮಾಡೋಕೇ ಆಗಲ್ಲ.

ನಮ್ಮ ಕಡೆ ಏನು?

ಭಾರತಕ್ಕೆ ಈ ಪ್ರಶ್ನೆ ಹೊಸದಲ್ಲ. 1986ರ ಚೆರ್ನೋಬಿಲ್ ದುರಂತದ ನಂತರ ಐರ್ಲೆಂಡಿನಿಂದ ನಮ್ಮ ದೇಶಕ್ಕೆ ಬಂದ ಬೆಣ್ಣೆಯಲ್ಲಿ ವಿಕಿರಣ ಇದೆ ಅಂತ ಮುಂಬೈಯಲ್ಲಿ ದಾವೆ ಹೂಡಿದ್ದರು. ಅದು ಸುಪ್ರೀಂ ಕೋರ್ಟಿಗೂ ಹೋಯಿತು. 1988ರಲ್ಲಿ ಕೋರ್ಟು ತಜ್ಞರ ಸಮಿತಿಯ ಅಭಿಪ್ರಾಯ ಪಡೆದು, ಬೆಣ್ಣೆ ತಿನ್ನಲು ಯೋಗ್ಯ ಅಂತ ಒಪ್ಪಿಕೊಂಡು ಅರ್ಜಿಯನ್ನು ತಳ್ಳಿಹಾಕಿತು.

ಕರ್ನಾಟಕದ ಮಟ್ಟಿಗೆ ಇದು ಕೈಗಾದ ಪ್ರಶ್ನೆ. ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ, 700 ಮೆಗಾವಾಟ್‌ನ ಇನ್ನೆರಡು ಬರಲಿವೆ. ಸುತ್ತಲಿನ ಪರಿಸರವನ್ನು ಅಳೆಯೋಕೆ ಅಲ್ಲೇ ಒಂದು ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರೂ ಈ ಭಾಗದ ಮಣ್ಣನ್ನು ಗಾಮಾ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದು ಪ್ರಕಟಿಸಿದ್ದಾರೆ. ಇಂಥ ಹಳೇ ಅಂಕಿಗಳು ಚಿನ್ನ ಇದ್ದ ಹಾಗೆ. ಯಾಕಂದ್ರೆ 1950 ಮತ್ತು 60ರ ದಶಕದ ಬಾಂಬ್ ಪರೀಕ್ಷೆಗಳ ಸೀಸಿಯಂ-137 ಜಗತ್ತಿನ ಎಲ್ಲ ಮಣ್ಣಿನಲ್ಲೂ ಇದೆ. ಮಣ್ಣಿನಲ್ಲಿ ಅದು ಸಿಕ್ಕಿತು ಅಂದ ಮಾತ್ರಕ್ಕೆ ಸ್ಥಾವರ ಸೋರಿದೆ ಅಂತಲ್ಲ. ಜೊತೆಗೆ ಸೀಸಿಯಂ-134 ಕೂಡ ಸಿಕ್ಕಿದರೆ ಕಿವಿ ನಿಮಿರಬೇಕು. ಅದರ ಅರ್ಧಾಯುಷ್ಯ ಎರಡೇ ವರ್ಷ, ಹಾಗಾಗಿ ಅದು ಹಳೇ ಬಾಂಬಿನದ್ದಾಗಿರೋಕೆ ಸಾಧ್ಯವಿಲ್ಲ.

2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು ಹಲವು ನೌಕರರ ದೇಹ ಸೇರಿದ್ದು ನೆನಪಿರಬಹುದು. ಅದು ಗೊತ್ತಾಗಿದ್ದು ಮೂತ್ರ ಪರೀಕ್ಷೆಯಿಂದ. ಎಷ್ಟೇ ದುಬಾರಿ ಗಾಮಾ ಸ್ಪೆಕ್ಟ್ರೋಮೀಟರ್ ತಂದಿಟ್ಟರೂ ಅದನ್ನು ಹಿಡಿಯುತ್ತಿರಲಿಲ್ಲ, ಯಾಕಂದ್ರೆ ಟ್ರಿಟಿಯಂ ಗಾಮಾ ಕಿರಣ ಬಿಡೋದೇ ಇಲ್ಲ. ಸ್ಟ್ರಾನ್ಷಿಯಂ-90 ಕೂಡ ಹಾಗೇ. ಅಂಥ ಕಡೆ ‘ಗಾಮಾ ಪರೀಕ್ಷೆಯಲ್ಲಿ ಏನೂ ಪತ್ತೆಯಾಗಿಲ್ಲ’ ಅನ್ನೋ ಮಾತು ಸತ್ಯವೂ ಹೌದು, ಉಪಯೋಗಕ್ಕೆ ಬಾರದ್ದೂ ಹೌದು.

ಕೇಳಬೇಕಾದ ಐದು ಪ್ರಶ್ನೆ

ನಾಳೆ ನಿಮ್ಮ ಊರಿನ ನೀರು, ಮಣ್ಣು, ಮೀನಿನ ಬಗ್ಗೆ ಇಂಥ ವರದಿ ಬಂದರೆ, ಸಭೆಯಲ್ಲಿ ಎದ್ದು ನಿಂತು ಕೇಳಿ. ಆರ್‌ಟಿಐ ಹಾಕುವುದಾದರೆ ಅದರಲ್ಲೂ ಬರೆಯಿರಿ.

1. ಪತ್ತೆ ಮಿತಿ ಎಷ್ಟು? ‘ಪತ್ತೆಯಾಗಿಲ್ಲ’ ಅಂತ ಬರೆದ ಪ್ರತಿ ಕಡೆ ಈ ಅಂಕಿ ಇದೆಯಾ?

2. ಹೆಚ್ಚುಕಡಿಮೆ ಎಷ್ಟು? ಅದು ಎಣಿಕೆಯದ್ದು ಮಾತ್ರವಾ, ಯಂತ್ರ ಹೊಂದಿಸಿದ್ದರ ಅನಿಶ್ಚಿತತೆಯೂ ಸೇರಿದೆಯಾ? ನೂರಕ್ಕೆ ತೊಂಬತ್ತೈದರ ಭರವಸೆಯದ್ದಾ, ಅದಕ್ಕಿಂತ ಕಡಿಮೆಯದ್ದಾ?

3. ಯಾವ ಡಿಟೆಕ್ಟರ್? ಎಷ್ಟು ಹೊತ್ತು ಎಣಿಸಿದಿರಿ?

4. ಸ್ಯಾಂಪಲ್ ಎಲ್ಲಿಂದ, ಎಷ್ಟು ಕಡೆಯಿಂದ, ಯಾವಾಗ ತಂದದ್ದು? ಜಾಗ ಆರಿಸಿದ್ದು ಯಾರು? ಹಸಿಯದನ್ನು ಅಳೆದದ್ದಾ, ಒಣಗಿಸಿದ್ದನ್ನಾ?

5. ಯಾವ ಯಾವ ವಿಕಿರಣ ವಸ್ತುಗಳನ್ನು ಹುಡುಕಿದಿರಿ? ಈ ವಿಧಾನಕ್ಕೆ ಕಾಣದೇ ಇರೋವು ಯಾವುವು?

ಶಿವರಾಮ ಕಾರಂತರಂಥವರು ಕೈಗಾ ವಿರುದ್ಧ ಬೀದಿಗಿಳಿದ ರಾಜ್ಯ ನಮ್ಮದು. ಅಣುಶಕ್ತಿ ಬೇಕು ಅನ್ನುವವರೂ ಇಲ್ಲಿದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಆ ಜಗಳ ನಡೆಯಲಿ. ಆದರೆ ಎರಡೂ ಕಡೆಯವರಿಗೆ ಒಂದೇ ಅಂಕಿ, ಪೂರ್ತಿ ಅಂಕಿ, ಅದರ ಹೆಚ್ಚುಕಡಿಮೆ ಸಮೇತ ಸಿಗಬೇಕು. ‘ಭಯ ಬೇಡ, ಎಲ್ಲ ಮಿತಿಯೊಳಗೇ ಇದೆ’ ಅನ್ನೋದು ಭರವಸೆ. ‘ಪತ್ತೆ ಮಿತಿ ಇಷ್ಟು, ಹೆಚ್ಚುಕಡಿಮೆ ಇಷ್ಟು, ಇಷ್ಟು ಗದ್ದೆಗಳಲ್ಲಿ ಅಳೆದಿದ್ದೇವೆ, ಇಷ್ಟರಲ್ಲಿ ಅಳೆದಿಲ್ಲ’ ಅನ್ನೋದು ಲೆಕ್ಕ. ಸರ್ಕಾರದಿಂದ ನಾವು ಕೇಳಬೇಕಾದದ್ದು ಲೆಕ್ಕ.